ಎಡಗಡೆಯ ಒಳಚಕ್ರ

ಜನವರಿ 6

ಮಾವ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು ಎತ್ತಿ, "ಹೂಂ, ಹೂಂ, ಆಗಲಿ ಬಿಡು" ಎಂದು ಇಟ್ಟುಬಿಟ್ಟೆ. ನಾನು ಕೇಳಿದ್ದು ಯಾವ ಪಂಪು ಕೊಳ್ಳಲಿ ಎಂದು. ಅದಕ್ಕೆ "ಆಗಲಿ ಬಿಡು" ಎನ್ನುವುದು ಉತ್ತರವಾ? ಬಾಯಲ್ಲಿ ಕೇಳಿದರೆ ಆಗದೆಂದು ಕಾಗದದಲ್ಲಿ ಕೇಳುತ್ತಿದ್ದೇನೆ.

ನನಗೆ ಕೆಲಸ ಸಿಕ್ಕಿತು. ಅಣ್ಣನಿದ್ದ ಸಾಗಾಣಿಕೆ ಕಂಪನಿಯಲ್ಲೇ. ಅವನು ಓಡಿಸುತ್ತಿದ್ದಂಥದ್ದೇ ಕರೆಂಟಿನ ಟ್ರಕ್ಕು, ಆರು ಚಕ್ರದ್ದು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಮೂರನೇ ದಿನ ಬುತ್ತಿ ಕಟ್ಟಿಕೊಟ್ಟಳು, ಮುಖ ಮಾತ್ರ ನೋಡಲಿಲ್ಲ.

ಮ್ಯಾನೇಜರು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. "ಹೊರಡುವ ಮೊದಲು ಆರೂ ಚಕ್ರಗಳ ಗಾಳಿಯನ್ನು ನಾನೇ ಪರೀಕ್ಷಿಸುತ್ತೇನೆ; ತಪ್ಪಿದರೆ ಹೊಣೆ ನನ್ನದು." ಈ ಸಾಲು ಮೊದಲು ಇರಲಿಲ್ಲವಂತೆ. ಕಳೆದ ಜೂನಿನಲ್ಲಿ ಅಣ್ಣನ ಗಾಡಿಯ ಟೈರು ಸಿಡಿದ ಮೇಲೆ ಸೇರಿಸಿದ್ದಂತೆ. "ನಿಮ್ಮಣ್ಣ ಆವತ್ತು ಐದು ನಿಮಿಷ ಬಗ್ಗಿ ನೋಡಿದ್ದಿದ್ರೆ ಎರಡು ಜೀವ ಉಳೀತಿತ್ತಮ್ಮ" ಎಂದರು. ನಾನು ಸಹಿ ಹಾಕಿದೆ. ಬೇರೇನು ಮಾಡಲಿ?

ಡಿಪೋದಲ್ಲಿರುವ ಗಾಳಿ ಯಂತ್ರ ವಾರಕ್ಕೆ ಮೂರು ದಿನ ಕೆಟ್ಟಿರುತ್ತದೆ. ಅದಕ್ಕೇ ಗಾಡಿಯಲ್ಲೇ ಇಟ್ಟುಕೊಳ್ಳುವಂಥ ಪಂಪು ನನ್ನದೇ ಒಂದು ಬೇಕು. ಅಂಗಡಿಗೆ ಹೋದರೆ ಇಪ್ಪತ್ತು ಬಗೆ ಇವೆ, ಎಲ್ಲ ಡಬ್ಬಿಗಳ ಮೇಲೂ ಒಂದೇ ಸುಳ್ಳು. ಮೂವತ್ತೆಂಟು ವರ್ಷ ಪಂಕ್ಚರ್ ಅಂಗಡಿ ಇಟ್ಟವನು ನೀನು. ನೀನೇ ಹೇಳು.

ಇಂತಿ,
ನೀನೇ ಹೆಸರಿಟ್ಟ ಸಿಡುಕಿ


ಜನವರಿ 14

ನನ್ನ ಸಿಡುಕಿಗೆ ಗಾಳಿ ಮಾವನ ಆಶೀರ್ವಾದ.

ನಾನು ಇಲ್ಲಿ ಗಾಳಿ ಇಳಿಯದೆ ಗಟ್ಟಿಯಾಗಿದ್ದೇನೆ. ಅಕ್ಕನೂ ನೀನೂ ಅಲ್ಲಿ ಹಾಗೇ ಇದ್ದೀರಿ ಎಂದು ನಂಬಿ ಮುಂದಿನ ವಿಷಯಕ್ಕೆ ಬರುತ್ತೇನೆ.

ಫೋನಿನ ಮಾತು ಬಿಡು. ನನ್ನ ಅಂಗಡಿ ಹೆದ್ದಾರಿ ಪಕ್ಕದ ತಗ್ಗಿನಲ್ಲಿದೆ, ಸಿಗ್ನಲ್ಲು ಬಂದರೆ ಬಂತು, ಹೋದರೆ ಹೋಯಿತು. ಕಾಗದವೇ ಸರಿ. ಏಳನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ನನ್ನ ಬರವಣಿಗೆ ನೋಡಿ, "ಲೋ, ಇವು ಅಕ್ಷರ ಅಲ್ಲ ಕಣೋ, ಮುತ್ತು" ಎಂದಿದ್ದರು. ಗಣಿತದ ಪುಸ್ತಕ ನೋಡಿ ಏನೆಂದರು ಎಂಬುದು ಇಲ್ಲಿ ಬೇಡ. ಅದರ ನಂತರವೇ ನಾನು ಶಾಲೆ ಬಿಟ್ಟಿದ್ದು.

ಮೊದಲನೆಯದಾಗಿ, ನನ್ನಂಥ ಮಾವ ಇರುವಾಗ ಪಂಪು ಯಾತಕ್ಕೆ? ಈ ರಸ್ತೆಯಲ್ಲಿ ಓಡಾಡುವ ಯಾವ ಡ್ರೈವರನ್ನಾದರೂ ಕೇಳು. ಗಾಳಿ ಅಳೆಯುವ ಗೇಜು ಹಾಕದೆ, ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟು, ತೊಂಬತ್ತು ಪೌಂಡಿದೆಯೋ ತೊಂಬತ್ತೈದಿದೆಯೋ ಹೇಳುವವನು ಯಾರು ಎಂದು ಕೇಳು. ನನ್ನ ಕಡೆಗೇ ಬೆರಳು ತೋರಿಸುತ್ತಾರೆ. ಒಮ್ಮೆ ಟೈರು ಕಂಪನಿಯ ಇಂಜಿನಿಯರು ಪಂಥ ಕಟ್ಟಿ ಸೋತು, ತನ್ನ ಗೇಜನ್ನೇ ರಿಪೇರಿಗೆ ಕಳಿಸಿದ. ಸುಳ್ಳಲ್ಲ. ಅರ್ಧ ಸುಳ್ಳು.

ಆದರೂ ನೀನು ಕೇಳಿದ್ದೀಯ ಎಂದು ಮೊನ್ನೆ ಬಿಡಿಭಾಗದ ಅಂಗಡಿಗೆ ಹೋಗಿ ಮೂರು ಪಂಪುಗಳನ್ನು ಪರೀಕ್ಷೆಗೆ ಕೂರಿಸಿದೆ. ಅಂಗಡಿಯವನು ಕೈ ಮುಗಿದ, "ಯಜಮಾನ್ರೇ, ಕೊಳ್ಳೋದಾದ್ರೆ ಕೊಳ್ಳಿ, ಕೊಲ್ಲಬೇಡಿ" ಎಂದ.

ಒಂದನೆಯದು ಸೋಪಿನ ಡಬ್ಬಿಯಷ್ಟಿದೆ, ಒಳಗೇ ಬ್ಯಾಟರಿ. ಡಬ್ಬಿಯ ಮೇಲೆ ನೂರೈವತ್ತು ಎಂದು ಬರೆದಿದ್ದಾರೆ. ಲಾರಿ ಟೈರಿಗೆ ಹಾಕಿದರೆ ನಲವತ್ತಕ್ಕೇ ಕೆಮ್ಮಲು ಶುರುಮಾಡಿತು, ಐವತ್ತಕ್ಕೆ ಮೈ ಸುಡುವ ಜ್ವರ. ಹಿಡಿದಿದ್ದ ಅಂಗಡಿಯವನು ಹಾವು ಎಸೆದಂತೆ ಎಸೆದ. ಸೈಕಲ್ಲಿಗೆ ಸರಿ, ಬಲೂನಿಗೆ ಇನ್ನೂ ಸರಿ.

ಎರಡನೆಯದು ಸಿಗರೇಟು ಹಚ್ಚುವ ತೂತಿಗೆ ಚುಚ್ಚುವಂಥದ್ದು. ಆ ತೂತಿನ ಫ್ಯೂಸು ಗುಬ್ಬಚ್ಚಿಯ ಜೀವ. ದೊಡ್ಡ ಟೈರಿಗೆ ಹತ್ತು ನಿಮಿಷ ಓಡಿಸಿದರೆ ಟಪ್ ಎಂದು ಹೋಗುತ್ತದೆ. ನೆನಪಿಡು, ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಬೇಡ. ಎಷ್ಟು ಹೊತ್ತು ನಿಲ್ಲಿಸದೆ ಓಡುತ್ತದೆ ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಅದನ್ನು ನೋಡು. ಗಂಡು ನೋಡುವಾಗಲೂ ಇದೇ ಸೂತ್ರ.

ಮೂರನೆಯದೇ ಗಾಡಿಗೆ ತಕ್ಕದ್ದು. ಎರಡು ಸಿಲಿಂಡರಿನದು, ಬ್ಯಾಟರಿಯ ತಲೆಗೇ ಕ್ಲಿಪ್ಪು ಕಚ್ಚಿಸಬೇಕು. ಅರ್ಧ ಗಂಟೆ ದಮ್ಮು ಕಟ್ಟಿ ಓಡುತ್ತದೆ. ಕೊಳವೆಯ ತುದಿಯನ್ನು ವಾಲ್ವಿಗೆ ತಿರುಪಿ ಕೂರಿಸುವಂಥದ್ದೇ ಕೊಳ್ಳು, ಚಿಮುಟಿ ಹಿಡಿಯುವಂಥದ್ದು ಬೇಡ. ಎಂಬತ್ತು ದಾಟಿದರೆ ಹಾರಿ ಬಂದು ಹಲ್ಲು ಮುರಿಯುತ್ತದೆ. ಹಳೆಯ ಲಾರಿಯಾಗಿದ್ದರೆ ಬ್ರೇಕಿನ ಗಾಳಿಯ ಟ್ಯಾಂಕಿನಿಂದಲೇ ಪೈಪು ಎಳೆದು ತುಂಬಿಸಬಹುದಿತ್ತು. ನಿನ್ನ ಗಾಡಿಯಲ್ಲಿ ಅದಕ್ಕೆ ಬಾಯಿಯನ್ನೇ ಇಟ್ಟಿಲ್ಲ. ಬೆಕ್ಕಿನ ಹಾಗೆ ಬರುತ್ತದೆ, ಹಿಂದೆ ಬಂದು ನಿಂತರೂ ತಿಳಿಯುವುದಿಲ್ಲ. ಮೇಲಾಗಿ ಹೊಟ್ಟೆಯಲ್ಲಿ ಬ್ಯಾಟರಿ ಹೊತ್ತ ಬಸುರಿ ಗಾಡಿ, ಖಾಲಿಯಿದ್ದರೂ ಭಾರ. ಮುಂದಿನ ಎರಡಕ್ಕೆ ನೂರಹತ್ತು, ಹಿಂದಿನ ಎಡಬಲಕ್ಕೆ ನೂರು. ಕಡಿಮೆಯಾದರೆ ಪಕ್ಕೆ ಉಬ್ಬುತ್ತದೆ, ಕಣ್ಣಿಗೇ ಕಾಣುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ, ತುಂಬಿದ ಟೈರು ಬಳುಕುವುದಿಲ್ಲ. ಈ ಎರಡನೆಯದು ನನ್ನ ಗಾದೆ.

ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತಿ,
ಗಾಳಿ ಮಾವ
(ಮೂವತ್ತೆಂಟು ವರ್ಷದ ಅನುಭವ, ಒಂದೂ ದೂರಿಲ್ಲ)


ಜನವರಿ 25

ಮಾವ,

ನಿನ್ನ ಕಾಗದ ಅಮ್ಮನಿಗೆ ಓದಿ ಹೇಳಿದೆ. ಗಂಡು ನೋಡುವ ಸೂತ್ರಕ್ಕೆ ನಕ್ಕಳು. ಏಳು ತಿಂಗಳಾದ ಮೇಲೆ ಮೊದಲ ಸಲ ನಕ್ಕಿದ್ದು. ನಕ್ಕಿದ್ದಕ್ಕೆ ಆಮೇಲೆ ಅತ್ತಳು.

ಎರಡು ಮಾತು ಕೇಳಬೇಕು. ನನ್ನ ಗಾಡಿಯಲ್ಲಿ ದೀಪಕ್ಕೆ, ಹಾರ್ನಿಗೆ ಎಂದು ಇರುವ ಸಣ್ಣ ಬ್ಯಾಟರಿ ಇಪ್ಪತ್ನಾಲ್ಕು ವೋಲ್ಟಿನದು. ಅಂಗಡಿಯವರು ತೋರಿಸುವುದೆಲ್ಲ ಹನ್ನೆರಡರದ್ದು. ಸುಟ್ಟುಹೋಗುವುದಿಲ್ಲವಾ?

ಇನ್ನೊಂದು. ನಾನು ಆರು ಚಕ್ರ ಎಂದು ಬರೆದಿದ್ದೆ. ನೀನು ಮುಂದಿನ ಎರಡು, ಹಿಂದಿನ ಎಡಬಲ ಎಂದು ನಾಲ್ಕಕ್ಕೆ ಮುಗಿಸಿದ್ದೀಯ. ಹಿಂದೆ ಒಂದೊಂದು ಕಡೆಯೂ ಜೋಡಿ ಚಕ್ರ ಇರುತ್ತವೆ, ಹೊರಗೊಂದು ಒಳಗೊಂದು. ಒಳಗಿನ ಎರಡನ್ನು ಬಿಟ್ಟೇಬಿಟ್ಟೆಯಲ್ಲ? ನೀನು ಬೇರೆ ಏನನ್ನು ಮರೆತರೂ ಚಕ್ರ ಮರೆಯುವವನಲ್ಲ. ಅಣ್ಣನ ಗಾಡಿಯಲ್ಲಿ ಹೋಗಿದ್ದು ಎಡಗಡೆಯ ಒಳಚಕ್ರವೇ. ಅದಕ್ಕೇ ಕೇಳುತ್ತಿದ್ದೇನೆ.

ರಸ್ತೆ ಬದಿಯಲ್ಲಿ ಕೊಡೆ ಬಿಚ್ಚಿಕೊಂಡು ಬೀಗದ ಕೀಲಿ ಮಾಡಿಕೊಡುತ್ತಿದ್ದನಲ್ಲ, ಅಣ್ಣನ ಗಾಡಿ ಯಾರ ಮೇಲೆ ಹೋಯಿತೋ ಅವನು, ಅವನ ಹೆಂಡತಿ ದಿನವೂ ನಮ್ಮ ಬಾಗಿಲ ಮುಂದೆಯೇ ಕೆಲಸಕ್ಕೆ ಹೋಗುತ್ತಾಳೆ. ಅವಳ ಹೆಜ್ಜೆ ಕೇಳಿದರೆ ಅಮ್ಮ ಕದ ಹಾಕಿಕೊಂಡು ಒಳಗೆ ನಿಲ್ಲುತ್ತಾಳೆ. "ನನ್ನ ಮಗ ಸೋಮಾರಿತನಕ್ಕೆ ಒಬ್ಬನ್ನ ಕೊಂದು ತಾನೂ ಹೋದ" ಎನ್ನುತ್ತಾಳೆ. ಹೊರಟವನು ವಾಪಸು ಬಂದು ನಲ್ಲಿ ಸರಿಯಾಗಿ ಮುಚ್ಚಿದೆಯಾ ಎಂದು ನೋಡಿ ಹೋಗುತ್ತಿದ್ದ ಅಣ್ಣ, ಮಾವ. ಅವನು ಚಕ್ರ ನೋಡದೆ ಹೊರಟ ಎಂದರೆ ನನಗೆ ನಂಬಿಕೆ ಬರುತ್ತಿಲ್ಲ. ಆದರೆ ಆಸ್ಪತ್ರೆಯಲ್ಲಿ ಅಪಘಾತದ ವಿಚಾರಣೆಗೆ ಬಂದ ಅಧಿಕಾರಿಗೆ ಅವನೇ ಹಾಗೆ ಹೇಳಿದ್ದಾನೆ, ನೀನೂ ಅಲ್ಲೇ ಇದ್ದೆ.

ಆ ದಿನ ಅವನ ದಾರಿ ನಿನ್ನ ಅಂಗಡಿಯ ಮೇಲೇ ಇತ್ತು. ಬಂದಿದ್ದನಾ?

ನಿನ್ನ,
ಸಿಡುಕಿ


ಫೆಬ್ರವರಿ 20

ಸಿಡುಕಿಗೆ ಆಶೀರ್ವಾದ.

ತಡವಾಯಿತು. ಸೊಂಟ ಹಿಡಿದುಕೊಂಡಿತ್ತು. ಹುಲಿಗೂ ಮುಳ್ಳು ಚುಚ್ಚುತ್ತದೆ.

ಇಪ್ಪತ್ನಾಲ್ಕು ವೋಲ್ಟಿಗೆ ಹನ್ನೆರಡರ ಪಂಪು ಹಾಕಿದರೆ ಹೊಗೆ ಬರುತ್ತದೆ, ಖಂಡಿತ. ನೀನು ಬುದ್ಧಿವಂತೆ. ಇಪ್ಪತ್ನಾಲ್ಕರದ್ದೇ ತರಿಸಬೇಕು. ಬಿಡಿಭಾಗದವನಿಗೆ ಹೇಳಿದ್ದೇನೆ. ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ತಂತಿಯ ಹತ್ತಿರ ಮಾತ್ರ ಬೆರಳು ಇಡಬೇಡ, ಅದು ಗಾಡಿಯನ್ನೇ ಎಳೆಯುವ ಕರೆಂಟು. ನಿನ್ನನ್ನೂ ಎಳೆದುಕೊಳ್ಳುತ್ತದೆ.

ಒಳಚಕ್ರದ ವಿಷಯ. ಅದು ಮರೆಯಲ್ಲಿ ಇರುವಂಥದ್ದು. ಅದರ ಗಾಳಿ ಇಳಿದರೂ ಹೊರಗಿನ ಚಕ್ರ ಹೊತ್ತು ನಿಲ್ಲುತ್ತದೆ, ಪಕ್ಕೆ ಉಬ್ಬುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಒಳಗೊಳಗೇ ಕಾದು ಕೊನೆಗೆ ಸಿಡಿಯುತ್ತದೆ. ಅದರ ವಾಲ್ವು ಎಟುಕಬೇಕಾದರೆ ಹೊರಚಕ್ರದ ಕಿಂಡಿಯಲ್ಲಿ ಕೈ ತೂರಿಸಬೇಕು. ಪಂಪಿನ ಕೊಳವೆಗೆ ಗೇಣುದ್ದದ ಬಗ್ಗಿದ ಮೂತಿ ಬೇಕು. ಅದು ಬೇರೆಯಾಗಿ ಸಿಗುತ್ತದೆ. ಮೊದಲು ಬರೆಯಬೇಕಿತ್ತು. ಬಿಟ್ಟುಹೋಯಿತು.

ಆ ದಿನ ಅಂಗಡಿಯಲ್ಲಿ ತುಂಬ ಜನ. ನಾಲ್ಕೈದು ಗಾಡಿ ಸಾಲಾಗಿ ನಿಂತಿದ್ದವು. ಯಾರು ಬಂದರು, ಯಾರು ಹೋದರು ಎಂದು ಹೇಗೆ ಹೇಳಲಿ? ನನಗೂ ವಯಸ್ಸಾಯಿತಲ್ಲ. ಹೋದವನು ಹೋದ. ಅಕ್ಕನಿಗೆ ಧೈರ್ಯ ಹೇಳು.

ಇಂತಿ,
ಗಾಳಿ ಮಾವ


ಮಾರ್ಚ್ 2

ಮಾವನವರಿಗೆ,

ಈ ಕರೆಂಟಿನ ಗಾಡಿಗಳು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತವೆ. ಎಲ್ಲಿ ಹೊರಟಿತು, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು. ಮ್ಯಾನೇಜರ ಮೇಜಿನ ಮುಂದೆ ಅರ್ಧ ದಿನ ಕೂತು ಅಣ್ಣನ ಕೊನೆಯ ದಿನದ ಹಾಳೆ ತೆಗೆಸಿದೆ. ಬೆಳಿಗ್ಗೆ ಏಳು ಹತ್ತರಿಂದ ಏಳು ಇಪ್ಪತ್ತೈದರವರೆಗೆ ಗಾಡಿ ನಿಂತಿದೆ. ನಕ್ಷೆಯಲ್ಲಿ ಆ ಚುಕ್ಕೆ ನಿಮ್ಮ ಅಂಗಡಿಯ ಮುಂದೆ ಇದೆ. ನಿಮ್ಮ ತಗಡಿನ ಸೂರು ಕೂಡ ಕಾಣುತ್ತದೆ.

"ಟೀ ಕುಡಿಯೋಕೆ ನಿಲ್ಸಿರ್ಬೇಕು" ಎಂದರು ಮ್ಯಾನೇಜರು. ಅಣ್ಣ ಟೀ ಕುಡಿಯುತ್ತಿರಲಿಲ್ಲ. ಅದು ನಿಮಗೂ ಗೊತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಎರಡು ಚಕ್ರ ಕೇಳಿದ್ದಕ್ಕೆ ನಿಮಗೆ ಸೊಂಟ ಹಿಡಿದುಕೊಂಡಿತು. ಪಂಪಿನ ವಿಷಯ ಸಾಕು. ಆ ಹದಿನೈದು ನಿಮಿಷದಲ್ಲಿ ಏನಾಯಿತು ಎಂದು ಬರೆಯಿರಿ. ಬರೆಯದಿದ್ದರೆ ಇನ್ನು ಮುಂದೆ ನನಗೆ ಏನೂ ಬರೆಯಬೇಡಿ.

ನಿಮ್ಮ ಅಕ್ಕನ ಮಗಳು


ಮಾರ್ಚ್ 19

ಸಿಡುಕಿಗೆ,

'ಮಾವನವರಿಗೆ' ಎಂದು ಬರೆದಿದ್ದೀಯ. ಆ ಎರಡಕ್ಷರದ ಮರ್ಯಾದೆಗೆ ಎರಡು ವಾರದಿಂದ ನಿದ್ದೆ ಇಲ್ಲ. ಹುಟ್ಟಿದಾಗಿನಿಂದ ನೀನು ನನ್ನನ್ನು ನೀನು ಎಂದೇ ಕರೆದವಳು.

ಅವನು ಬಂದಿದ್ದ.

ಇಳಿದು ನನ್ನೆದುರಿಗೆ ಬಂದು ನಿಂತು ಹೇಳಿದ: "ಮಾವ, ಹಿಂದಿನ ಎಡಗಡೆ ಯಾಕೋ ಸರಿ ಇಲ್ಲ. ಈ ಗಾಡೀಲಿ ಇಂಜಿನ್ ಸದ್ದಿಲ್ವಲ್ಲ, ಟೈರು ಹಾಡೋದು ಕೇಳುತ್ತೆ. ಇವತ್ತು ಬೇರೆ ಥರ ಹಾಡ್ತಿದೆ. ಸ್ವಲ್ಪ ನೋಡು."

ಗೋಡೆಯ ಮೊಳೆಯಲ್ಲಿ ಗೇಜು ನೇತಾಡುತ್ತಿತ್ತು. ಅವನು ಅದರ ಕಡೆ ಕೈ ತೋರಿಸಿ, "ಇದನ್ನ ಹಾಕೋಣ್ವಾ?" ಎಂದ. ಸುತ್ತ ನಾಲ್ಕು ಜನ ಡ್ರೈವರುಗಳು ನಿಂತಿದ್ದರು. ನಾನು ಅವರಿಗೆಲ್ಲ ಕೇಳುವ ಹಾಗೆ, "ಗೇಜಾ? ನನ್ನ ಸುತ್ತಿಗೇನೇ ಗೇಜು ಕಣೋ ಅಳಿಯ. ಹಾಲು ಕರೆಯೋನಿಗೆ ಹಸು ಮೈ ಅಳೆಯೋಕೆ ಹೇಳ್ತೀಯಾ?" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಈಗ ಮೂವತ್ತೆಂಟು ವರ್ಷದ ಅನುಭವದ ವಿಷಯ ಹೇಳುತ್ತೇನೆ. ಗಾಳಿ ತುಂಬಿದ ಟೈರಿಗೆ ಸುತ್ತಿಗೆ ಬಡಿದರೆ ಟಣ್ ಎನ್ನುತ್ತದೆ, ಇಳಿದದ್ದಕ್ಕೆ ದೊಬ್ ಎನ್ನುತ್ತದೆ. ಹೊರಚಕ್ರವಾದರೆ ಸುತ್ತಿಗೆ ಪುಟಿಯುವುದು ಕೈಗೂ ತಿಳಿಯುತ್ತದೆ. ಒಳಚಕ್ರಕ್ಕೆ ಸುತ್ತಿಗೆ ಎಟುಕುವುದಿಲ್ಲ, ಉದ್ದ ಸಲಾಕೆ ತೂರಿಸಿ ಬಡಿಯಬೇಕು. ಸಲಾಕೆಯಲ್ಲಿ ಕೈಗೆ ಏನೂ ತಿಳಿಯದು. ಅಲ್ಲಿ ಕಿವಿಯೇ ಹೇಳಬೇಕು.

ನನಗೆ ಕಿವಿ ಕೇಳುವುದಿಲ್ಲ, ಮಗಳೇ. ಮೂರು ವರ್ಷದ ಹಿಂದೆ ಒಂದು ಲಾರಿ ಟೈರು ಮುಖದ ಪಕ್ಕದಲ್ಲೇ ಸಿಡಿಯಿತು. ಎಡಗಿವಿ ಅಂದೇ ಹೋಯಿತು. ಬಲಗಿವಿ ಅಣ್ಣನ ಹಿಂದೆ ಹೋಗುವ ತಮ್ಮನ ಹಾಗೆ ನಿಧಾನಕ್ಕೆ ಹಿಂದೆಯೇ ಹೋಯಿತು. ಯಾರಿಗೂ ಹೇಳಲಿಲ್ಲ. ತುಟಿ ನೋಡಿ ಮಾತು ಹಿಡಿಯಲು ಕಲಿತೆ. ತುಟಿ ಕಾಣದಿದ್ದರೆ ಹೂಂ ಎನ್ನುತ್ತೇನೆ, ತಲೆಯಾಡಿಸುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತದೆ. ತಗ್ಗು, ಸಿಗ್ನಲ್ಲು ಎಲ್ಲ ಸುಳ್ಳು. ಸಿಗ್ನಲ್ಲು ಚೆನ್ನಾಗಿಯೇ ಬರುತ್ತದೆ.

ಸುತ್ತಿಗೆಯಿಂದ ಗಾಳಿ ಹೇಳುವವನು ಎಂದು ಹೆಸರು ಮಾಡಿದವನು ಹೋಗಿ ಗೇಜು ಹಿಡಿದರೆ, ಅಂದೇ ಎಲ್ಲರಿಗೂ ತಿಳಿಯುತ್ತಿತ್ತು. ಆ ನಾಲ್ಕು ಜನರ ಮುಂದೆ ಸಲಾಕೆ ತೂರಿಸಿದೆ, ಮೂರು ಸಲ ಬಡಿದೆ, ತಲೆ ಓರೆಮಾಡಿ ಕೇಳಿದಂತೆ ನಟಿಸಿದೆ. "ಗಟ್ಟಿ ಇದೆ, ಹೋಗು" ಎಂದೆ. ಅಲ್ಲಿಂದ ಹದಿನಾಲ್ಕು ಮೈಲಿ ಹೋದ.

ಆಸ್ಪತ್ರೆಯಲ್ಲಿ ಅಧಿಕಾರಿ ಕೇಳಿದಾಗ, "ನಾನು ನೋಡಲಿಲ್ಲ, ಯಾರಿಗೂ ತೋರಿಸಲಿಲ್ಲ" ಎಂದ. ಹಾಗೆ ಹೇಳುವಾಗ ಅವನು ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ಮಂಚದ ಸರಳು ಹಿಡಿದು ನಿಂತಿದ್ದೆ. ಬಾಯಿ ಬಿಡಬಹುದಿತ್ತು. ಅವನು ಬದುಕುತ್ತಾನೆ, ಎದ್ದ ಮೇಲೆ ನಾವಿಬ್ಬರೂ ಏನೋ ಒಂದು ಮಾಡೋಣ ಎಂದುಕೊಂಡೆ. ಹನ್ನೊಂದನೇ ದಿನ ಹೋದ. ಆಮೇಲೆ ಹೇಳಲು ಇನ್ನೂ ಕಷ್ಟವಾಯಿತು. ಒಂದೊಂದು ದಿನ ಕಳೆದ ಹಾಗೂ ಇನ್ನಷ್ಟು.

ಈ ಕಾಗದದ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ಇಪ್ಪತ್ನಾಲ್ಕು ವೋಲ್ಟಿನ ಪಂಪು, ಬಗ್ಗಿದ ಮೂತಿ, ಬೇರೆ ಒಂದು ಗೇಜು. ಪಂಪಿನ ಮೈಮೇಲಿನ ಗೇಜನ್ನು ನಂಬಬೇಡ, ಓಡುವಾಗ ಹೆಚ್ಚು ತೋರಿಸುತ್ತದೆ. ನಿಲ್ಲಿಸಿ, ಕೊಳವೆ ಬಿಚ್ಚಿ, ಬೇರೆ ಗೇಜಿನಲ್ಲಿ ನೋಡು.

ನಿನ್ನ ಮಾವ


ಮಾರ್ಚ್ 27

ಪೆಟ್ಟಿಗೆ ಬಂತು. ತೆರೆದಿಲ್ಲ.

ಇದನ್ನು ನಾನು ಅಮ್ಮನಿಗೆ ಓದಿ ಹೇಳುವುದಿಲ್ಲ. ನೀವೇ ಬಂದು ನಿಮ್ಮ ಬಾಯಿಂದ ಹೇಳಬೇಕು. ಆಮೇಲೆ ಅಧಿಕಾರಿಯ ಹತ್ತಿರ. ಭಾನುವಾರ, ಎರಡನೇ ಶನಿವಾರ ಬಿಟ್ಟು ಯಾವ ದಿನವಾದರೂ ಕಚೇರಿ ತೆರೆದಿರುತ್ತದೆ. ಬಸ್‌ಸ್ಟ್ಯಾಂಡಿಗೆ ನಾನು ಬರುವುದಿಲ್ಲ.


ಏಪ್ರಿಲ್ 15

ಸಿಡುಕಿಗೆ,

ಅಂಗಡಿಗೆ ವಾಪಸು ಬಂದು ಮುಟ್ಟಿದೆ. ನೀನು ಕಚೇರಿಯ ಮೆಟ್ಟಿಲ ಮೇಲಿಂದಲೇ ಡಿಪೋಗೆ ಹೊರಟುಹೋದೆ, ಆದ್ದರಿಂದ ಒಳಗೆ ಆದದ್ದು ನಿನಗೆ ತಿಳಿಯದು.

ಅಧಿಕಾರಿ ತಲೆ ಬಗ್ಗಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಎರಡು ಸಲ ಹೂಂ ಎಂದೆ. ಮೂರನೆಯ ಸಲಕ್ಕೆ ನಾಲಿಗೆ ಕಚ್ಚಿಕೊಂಡು, "ಸ್ವಾಮಿ, ನಾನು ಕಿವುಡ. ದಯವಿಟ್ಟು ಬರೆದು ಕೊಡಿ" ಎಂದೆ. ಆ ಪದವನ್ನು ನನ್ನ ಬಾಯಿ ಮೊದಲ ಸಲ ಆಡಿದ್ದು. ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು ಬರೆದು ಕೇಳಿದರು, ನಾನು ಬರೆದು ಹೇಳಿದೆ. ಮೂರು ಹಾಳೆ. ಮೇಷ್ಟ್ರು ಹೊಗಳಿದ ಅಕ್ಷರ ಕೊನೆಗೆ ಇದಕ್ಕೆ ಒದಗಿತು. ಕಡತ ಮುಚ್ಚಿಹೋಗಿದೆ, ತೆರೆಯಲು ಮೇಲಿನವರು ಒಪ್ಪಬೇಕು, ಅಲ್ಲಿಯವರೆಗೆ ಈ ಹಾಳೆಗಳನ್ನು ಅದಕ್ಕೆ ಲಗತ್ತಿಸಿ ಇಡುತ್ತೇವೆ ಎಂದು ಬರೆದುಕೊಟ್ಟರು. ನಿಮ್ಮ ಮೇಲೆಯೂ ಕ್ರಮ ಆಗಬಹುದು ಎಂದೂ ಬರೆದರು. ಆಗಲಿ.

ಅಂಗಡಿಯ ಬೋರ್ಡು ಇಳಿಸಿದೆ. ಡ್ರೈವರುಗಳು ಯಾಕೆ ಎಂದು ಕೇಳುತ್ತಾರೆ. ತುಟಿ ನೋಡಿ ತಿಳಿಯುತ್ತದೆ. ನಿಂತು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ.

ಒಂದು ಮಾತು ಕೇಳಬೇಕು. ಅಡುಗೆಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿ ಮುಗಿಸಿದಾಗ ಅವಳು ನನಗೆ ಬೆನ್ನು ಮಾಡಿ ಪಾತ್ರೆ ಉಜ್ಜುತ್ತಿದ್ದಳು. ಅದೇ ಪಾತ್ರೆಯನ್ನು ಎಷ್ಟು ಹೊತ್ತು ಉಜ್ಜಿದಳು! ಆಮೇಲೆ ಕೈ ನಿಂತಿತು. ಏನೋ ಅಂದಳು. ಹೆಗಲು ಅಲುಗಿದ್ದು ಕಂಡಿತು, ತುಟಿ ಕಾಣಲಿಲ್ಲ. ಆಮೇಲೆ ತಿರುಗಿ ನನ್ನ ಮುಖ ನೋಡುತ್ತ ನಿಂತಳು. ನಾನು ತಲೆಯಾಡಿಸಿಬಿಟ್ಟೆ. ಅಷ್ಟೆಲ್ಲ ಹೇಳಿಕೊಂಡ ಮೇಲೂ, ಅಭ್ಯಾಸ ಬಿಡಲಿಲ್ಲ. ಅವಳು ಕುಸಿದು ಕೂತಳು.

ಏನೆಂದಳು? ನೀನು ಬಾಗಿಲಲ್ಲಿ ನಿಂತಿದ್ದೆ. ಬರೆದು ತಿಳಿಸು.

ಮಾವ


ಏಪ್ರಿಲ್ 22

ಅಮ್ಮ ಕೇಳಿದ್ದು ಇದು: "ನಿನಗೆ ಕಿವಿ ಕೇಳಲ್ಲ ಅಂತ ನನ್ನ ಮಗನಿಗೆ ಗೊತ್ತಿತ್ತಾ?"

ನೀವು ಹೌದು ಎಂದು ತಲೆಯಾಡಿಸಿದಿರಿ.

ಅಂದಿನಿಂದ ಅವಳು ಅದನ್ನೇ ಹಿಡಿದುಕೊಂಡಿದ್ದಾಳೆ. "ಗೊತ್ತಿದ್ದೂ ಸುಮ್ಮನಿದ್ದ. ನಾಲ್ಕು ಜನರ ಮುಂದೆ ಮಾವನ ಮರ್ಯಾದೆ ತೆಗೆಯೋಕೆ ಆಗದೆ ಹೋದ" ಎನ್ನುತ್ತಾಳೆ. ಒಂದು ದಿನ ಅದನ್ನು ಹೆಮ್ಮೆಯಿಂದ ಹೇಳುತ್ತಾಳೆ, ಮರುದಿನ ಅದಕ್ಕೇ ಅವನನ್ನು ಬೈಯುತ್ತಾಳೆ. ಮೊನ್ನೆ ಕದ ತೆರೆದು ಕೀಲಿಯವನ ಹೆಂಡತಿಯನ್ನು ತಡೆದು ನಿಲ್ಲಿಸಿ ಎಲ್ಲ ಹೇಳಿದಳು. ಅವಳು ಕೊನೆಯವರೆಗೂ ಕೇಳಿದಳು. "ನೋಡದೆ ಹೋದ ಅನ್ನೋದು ಒಂದು ನೋವು. ತಿಳಿದೂ ಹೋದ ಅನ್ನೋದು ಇನ್ನೊಂದು. ನನಗೆ ಯಾವುದನ್ನ ಕೊಡೋಕೆ ಬಂದಿದ್ದೀರಮ್ಮ?" ಎಂದಳು.

ಹಾಗಾಗಿ ನಾನು ಕೇಳುತ್ತಿದ್ದೇನೆ. ಅಣ್ಣನಿಗೆ ಗೊತ್ತಿತ್ತಾ? ಈ ಸಲ ತಲೆಯಾಡಿಸಬೇಡಿ.


ಮೇ 3

ಸಿಡುಕಿಗೆ,

ಇದನ್ನು ಅಕ್ಕನಿಗೆ ಓದಿ ಹೇಳು. ನಾನು ತಲೆಯಾಡಿಸಿದ್ದು ಉತ್ತರವಲ್ಲ. ಅದು ಕೆಟ್ಟ ಚಾಳಿ.

ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಒಂದಕ್ಕೆ ಒಂದು ಸೇರಿಸುವುದಿಲ್ಲ. ಜೀವನದಲ್ಲಿ ಮೊದಲ ಸಲ.

ಅಂದು ನಾನು "ಗಟ್ಟಿ ಇದೆ" ಎಂದ ಮೇಲೆ ಅವನು ಕೂಡಲೇ ಹೊರಡಲಿಲ್ಲ. ಎಡಗಡೆಯ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ. ಬೆನ್ನು ನನ್ನ ಕಡೆಗಿತ್ತು. ಕೂತಲ್ಲಿಂದಲೇ ಏನೋ ಕೇಳಿದ. ಕೇಳಿದ್ದು ಎಂದು ಹೇಗೆ ಗೊತ್ತೆಂದರೆ, ಕೇಳಿದ ಮೇಲೆ ಅವನು ಕಾದ. ನಾನು "ಹೂಂ" ಎಂದೆ. ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಎದ್ದು, ನನ್ನ ಸಲಾಕೆ ನೆಲದ ಮೇಲೆ ಬಿದ್ದಿತ್ತು, ಅದನ್ನು ಎತ್ತಿ ಗೋಡೆಗೆ ಒರಗಿಸಿಟ್ಟು, ಹೋದ. "ಗೇಜು ಹಾಕಲಾ?" ಎಂದು ಕೇಳಿದನೋ, "ಖಂಡಿತಾನಾ ಮಾವ?" ಎಂದು ಕೇಳಿದನೋ, "ನಿನಗೆ ಕೇಳಿಸ್ತಿದೆಯಾ?" ಎಂದು ಕೇಳಿದನೋ, ನನಗೆ ಗೊತ್ತಿಲ್ಲ. ಮೂರಕ್ಕೂ ನನ್ನ ಉತ್ತರ ಹೂಂ ಎಂದೇ ಆಯಿತು.

ಆಸ್ಪತ್ರೆಯಲ್ಲಿ ಕಂಡದ್ದು ಒಂದಿದೆ. ಅದನ್ನು ನಾನು ಬರೆದಿರಲಿಲ್ಲ. ಅಧಿಕಾರಿ ಅವನ ಎಡಕ್ಕೆ ಕೂತಿದ್ದರು, ನಾನು ಬಲಕ್ಕೆ, ಮಂಚದ ಸರಳಿನ ಬಳಿ. ಕೊರಳು ತಿರುಗಿಸಲು ಆಗುತ್ತಿರಲಿಲ್ಲ ಅವನಿಗೆ, ಆದರೂ ತಿರುಗಿಸಿದ. "ನಾನು ನೋಡಲಿಲ್ಲ, ಯಾರಿಗೂ ತೋರಿಸಲಿಲ್ಲ" ಎನ್ನುವುದನ್ನು ಒಂದೊಂದೇ ಅಕ್ಷರ ಬಿಡಿಸಿ, ಬಾಯಿ ದೊಡ್ಡದಾಗಿ ತೆರೆದು, ನನ್ನ ಕಡೆಗೆ ಹೇಳಿದ. ಅಧಿಕಾರಿಗೆ ಹಾಗೆ ಹೇಳಬೇಕಾಗಿರಲಿಲ್ಲ, ಅವರು ಮಗ್ಗುಲಲ್ಲೇ ಇದ್ದರು. ಕಿವಿ ಇರುವವನಿಗೆ ಯಾರೂ ಹಾಗೆ ಹೇಳುವುದಿಲ್ಲ.

ಆದ್ದರಿಂದ ಹಾಸಿಗೆಯ ಮೇಲೆ ಅವನಿಗೆ ಗೊತ್ತಿತ್ತು. ಚಕ್ರದ ಹತ್ತಿರ ಕೂತಾಗ ಗೊತ್ತಿತ್ತೋ, ಮಲಗಿದ್ದಾಗ ಹಿಂದಿನದೆಲ್ಲ ಕೂಡಿಸಿಕೊಂಡು ತಿಳಿದನೋ, ಅದು ನನಗೆ ತಿಳಿಯದು. ತಿಳಿಯುವ ದಾರಿ ಇದ್ದದ್ದು ಒಂದೇ. "ಏನಂದೆ? ಇನ್ನೊಂದು ಸಲ ಹೇಳು" ಎಂದು ಅಂದು ಕೇಳಬೇಕಿತ್ತು.

ನೀನು ಗಾಡಿ ತೆಗೆಯುವಾಗ ಎಡಗಡೆಯ ಒಳಚಕ್ರ ಮೊದಲು ನೋಡು. ಸುಲಭದ್ದು ಆಮೇಲೆ.

ನಿನ್ನ ಮಾವ


ಮೇ 12

(ಕಾರ್ಡು)

ಮಾವ,

ನಿನ್ನ ಕಾಗದ ಅಮ್ಮನಿಗೆ ಎರಡು ಸಲ ಓದಿದೆ.

ಪೆಟ್ಟಿಗೆ ತೆರೆದೆ. ಇಂದು ಬೆಳಿಗ್ಗೆ, ಬೇರೆ ಗೇಜಿನಲ್ಲಿ:

ಎಡ ಒಳಗಿನದು 88. ತುಂಬಿಸಿದ ಮೇಲೆ 100.
ಬಲ ಒಳಗಿನದು 97. ತುಂಬಿಸಿದ ಮೇಲೆ 100.
ಎಡ ಹೊರಗಿನದು 100. ಬಲ ಹೊರಗಿನದು 99.
ಮುಂದಿನವು 110, 110.

ಎಡ ಒಳಗಿನದು ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತಿತ್ತು.